ಎರಡಕ್ಕೆ ವಾರ್ಡು

ಅಡುಗೆಮನೆಯ ಮೇಜು, ಮೂರನೆಯ ಮಹಡಿ
ಭಾನುವಾರ, ತಾರೀಖು ಹದಿನಾಲ್ಕು, ಬೆಳಿಗ್ಗೆ

ನನ್ನ ಪ್ರೀತಿಯ ಮೌನಿಯವರಿಗೆ,

ಇದೇನಿದು, ಇಪ್ಪತ್ತೆರಡು ವರ್ಷ "ರೀ" ಎಂದು ಕರೆದವಳು ಇವತ್ತು ಆ ಇಂಟರ್ನೆಟ್ ಗುಂಪಿನಲ್ಲಿ ನೀವಿಟ್ಟುಕೊಂಡ ಹೆಸರಿನಿಂದ ಕರೆಯುತ್ತಿದ್ದಾಳಲ್ಲ ಎಂದು ಹುಬ್ಬೇರಿಸಬೇಡಿ. ಕಾರಣ ಮುಂದೆ ಬರುತ್ತದೆ. ಮೊದಲು ನಿಮ್ಮ ಸೊಂಟದ ಸಮಾಚಾರ ಹೇಳಿ. ಎಂಜಿನ್ ಕೋಣೆಯ ಏಣಿ ಹತ್ತಿಳಿಯುವಾಗ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀರೋ ಇಲ್ಲ ಪೆಟ್ಟಿಗೆಯ ತಳದಲ್ಲೇ ಅದು ನಿದ್ದೆ ಮಾಡುತ್ತಿದೆಯೋ? ಕಿವಿಗೆ ಮುಚ್ಚಳ ಹಾಕಿಕೊಳ್ಳದೆ ಯಂತ್ರದ ಹತ್ತಿರ ಹೋಗಬೇಡಿ. ಆ ಕಿವಿಗಳಿಂದ ಇನ್ನೂ ಬಹಳ ಕೆಲಸವಿದೆ. ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯವರ ಕಣ್ಣಿನ ಆಪರೇಷನ್ ಗಾಯ ಪೂರ್ತಿ ಮಾಗಿದೆ. ಈಗ ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಾರೆ, ನಾನು ಒರೆಸದೆ ಬಿಟ್ಟ ಕಿಟಕಿಯ ಮೂಲೆಯನ್ನೂ ಓದುತ್ತಾರೆ. ನನ್ನ ಕೋರ್ಟಿನಲ್ಲಿ ಮೂರು ವಾರದಿಂದ ಒಂದೇ ಗೋಡೆಯ ವ್ಯಾಜ್ಯ ನಡೆಯುತ್ತಿದೆ. ಅಣ್ಣತಮ್ಮಂದಿರಿಬ್ಬರೂ ಗೋಡೆ ನನ್ನದು ನನ್ನದು ಎಂದು ಜಗಳವಾಡುತ್ತಾರೆ, ಇಬ್ಬರೂ ತಲೆ ತಗ್ಗಿಸಿ ಗೊಣಗುತ್ತಾರೆ, ನಾನು ಸ್ಟೆನೋ ಎಂಬ ಪಾಪಕ್ಕೆ ಆ ಗೊಣಗಾಟವನ್ನೆಲ್ಲ ಅಕ್ಷರ ಬಿಡದೆ ಬರೆದುಕೊಳ್ಳುತ್ತೇನೆ. ಆ ಗೋಡೆಗೆ ಬಾಯಿದ್ದಿದ್ದರೆ ತಾನೇ ರಾಜಿ ಮಾಡಿಸಿ ಮನೆಗೆ ಹೋಗುತ್ತಿತ್ತು.

ಇನ್ನು ನೀವು ವಹಿಸಿದ ಕೆಲಸ. ಹೊರಡುವ ದಿನ ಚೀಟಿಯಲ್ಲಿ ಪಾಸ್‌ವರ್ಡು ಬರೆದುಕೊಟ್ಟು, "ದಿನಾ ಒಂದ್ಸಲ ಗುಂಪು ತೆಗೆದು ನೋಡು, ಮುಖ್ಯವಾದ್ದೇನಾದ್ರೂ ಇದ್ರೆ ಕಾಗದದಲ್ಲಿ ಬರಿ. ನೀನು ಮಾತ್ರ ಅಲ್ಲಿ ಏನೂ ಬರೀಬೇಡ," ಎಂದಿರಿ. ಊರೂರಿಗೆ ಇಂಟರ್ನೆಟ್ ಹೋಗಲೆಂದು ಸಮುದ್ರದ ತಳದಲ್ಲಿ ತಂತಿ ಹಾಸುವ ಹಡಗು ನಿಮ್ಮದು. ಅದರೊಳಗಿರುವ ನಿಮಗೇ ಸ್ವಂತಕ್ಕೆ ಇಂಟರ್ನೆಟ್ ಇಲ್ಲ, ಮೂರು ವಾರಕ್ಕೊಮ್ಮೆ ಸಾಮಾನಿನ ದೋಣಿಯಲ್ಲಿ ನನ್ನ ಕಾಗದ ಬರಬೇಕು. ಇದನ್ನು ಹೇಳಿದಾಗೆಲ್ಲ ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇರಲಿ. ನಾನು ಸಾಕ್ಷಿಯ ಹೇಳಿಕೆ ಬರೆದುಕೊಳ್ಳುವ ಹಾಗೆಯೇ ಶುರುಮಾಡಿದೆ: ಯಾರು ಏನೆಂದರು, ಯಾವಾಗ ಎಂದರು. ಜಾಝ್ ಎಂದರೆ ನನಗೆ ಇಷ್ಟು ವರ್ಷ ನಿಮ್ಮ ಕೋಣೆಯ ಬಾಗಿಲಡಿಯಿಂದ ನುಸುಳಿ ಬರುವ ಸದ್ದು ಅಷ್ಟೇ. ಬೇಜಾರು ಮಾಡಿಕೊಳ್ಳಬೇಡಿ, ನೀವೂ ಯಾವತ್ತೂ ಒಳಗೆ ಬಾ ಎನ್ನಲಿಲ್ಲ, ನಾನೂ ಬರಲೇ ಎನ್ನಲಿಲ್ಲ.

ಹಳೆಯ ಜಾಝ್ ಗ್ರಾಮಫೋನ್ ತಟ್ಟೆ ಹುಡುಕುವವರ ನಿಮ್ಮ 'ಗೀರುತಟ್ಟೆ' ಗುಂಪು ವಿಚಿತ್ರ ಸಂಸಾರ ಕಣ್ರೀ. ಇನ್ನೂರ ಹನ್ನೆರಡು ಜನ ಇದ್ದಾರಂತೆ, ಬಾಯಿ ಬಿಡುವವರು ಒಂಬತ್ತೇ ಮಂದಿ, ಬಾಯಿ ಮುಚ್ಚದವರು ಮೂವರು. ಹಲ್ಲಿನ ಡಾಕ್ಟರಮ್ಮ ಯಾರ ಅಭಿಪ್ರಾಯವನ್ನಾದರೂ ಕೀಳುವ ಮೊದಲು "ನೋವಾಗಲ್ಲ, ಒಂದ್ನಿಮಿಷ" ಎಂದು ಬರೆಯುತ್ತಾರೆ. ಪ್ರೊಫೆಸರರು ಮಣ್ಣಿನ ಶಾಸ್ತ್ರ ಕಲಿಸಿ ನಿವೃತ್ತರಾದವರು. ಅದಕ್ಕೇ ಇರಬೇಕು, ಏನನ್ನಾದರೂ ಅಗೆಯದೆ ಬಿಡುವುದಿಲ್ಲ. ಮೂರನೆಯವರು ಹದಿನೇಳನೇ ನಂಬರಿನ ಬಸ್ಸಿನ ಡ್ರೈವರು, ಎಲ್ಲರೂ ಅವರನ್ನು 'ಹದಿನೇಳು' ಎಂದೇ ಕರೆಯುತ್ತಾರೆ. ಅವರಿಗೆ ಹಾಡಿನ ಮಧ್ಯೆ ಊರಿನ ಸುದ್ದಿ ಹಾಕುವ ಚಟ. ಚುನಾವಣೆ, ಆಸ್ಪತ್ರೆ ನೌಕರರ ಮುಷ್ಕರ, ನದಿಯ ಕೆಳಗಿನ ಸುರಂಗ, ಏನು ಬೇಕಾದರೂ ಹಾಕುತ್ತಾರೆ. ಒಂದು ದಿನ ಯಾವುದೋ ಅಪರೂಪದ ಪಿಯಾನೋ ತಟ್ಟೆಯ ಚರ್ಚೆಯ ನಟ್ಟನಡುವೆ, ತಮ್ಮ ಬಸ್ಸಿನ ಕೊನೆಯ ನಿಲ್ದಾಣದ ಎದುರಿರುವ ನಿವೃತ್ತ ನರ್ಸುಗಳ ನಿವಾಸವನ್ನು ಸರ್ಕಾರ ಮುಚ್ಚುತ್ತಿದೆ, ಕಟ್ಟಡವನ್ನು ಕಚೇರಿ ಮಾಡುತ್ತಾರೆ, ಇಪ್ಪತ್ತಮೂರು ಜನ ಮುದುಕಿಯರು ಎಲ್ಲಿಗೆ ಹೋಗಬೇಕು ಎಂದು ಫೋಟೋ ಸಮೇತ ಬರೆದರು. ಪ್ರೊಫೆಸರರು "ಇದು ಸಂಗೀತದ ಜಾಗ, ಸಂತೆಯಲ್ಲ" ಎಂದರು. 'ಹದಿನೇಳು' ಸುಮ್ಮನಿರುತ್ತಾರೆಯೇ? "ನೀವು ಕೇಳೋ ಹಾಡೆಲ್ಲ ಸಂತೇಲೇ ಹುಟ್ಟಿದ್ದು ಸಾರ್" ಎಂದರು. ಅರ್ಧ ಗುಂಪು ಅವರ ಕಡೆ, ಅರ್ಧ ಇವರ ಕಡೆ. ಎರಡು ದಿನ ಒಬ್ಬರೂ ಪಿಯಾನೋ ಸುದ್ದಿಗೆ ಹೋಗಲಿಲ್ಲ. ನಾನಂತೂ ಕೋರ್ಟಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಗುಂಪು ತೆಗೆಯುವಂತಾದೆ. ಕುತೂಹಲ ಎನ್ನುವುದು ತುರಿಕೆಯಂತೆ, ಕೆರೆದಷ್ಟೂ ಹೆಚ್ಚು.

ಆ ಜಗಳ ತಣ್ಣಗಾಗಲೆಂದು ಡಾಕ್ಟರಮ್ಮ ಹಳೆಯ ಮಾತು ಎತ್ತಿದರು: ಐದನೆಯವರು ಯಾರು? ನಿಮಗೆ ಗೊತ್ತಿರುವ ಕಥೆಯನ್ನೇ ಹೇಳುತ್ತಿದ್ದೇನೆ, ಗೊತ್ತಿಲ್ಲದವಳ ಕಣ್ಣಿಗೆ ಅದು ಹೇಗೆ ಕಂಡಿತೆಂದು ನೋಡಿ, ಮಧ್ಯೆ ಬಾಯಿ ಹಾಕಬೇಡಿ. ಐವತ್ತೆರಡು ವರ್ಷದ ಹಿಂದೆ ಇದೇ ಊರಿನಲ್ಲಿ ಒಂದು ಮಧ್ಯಾಹ್ನ ಧ್ವನಿಮುದ್ರಿಸಿದ ತಟ್ಟೆ. ಮುನ್ನೂರೇ ಪ್ರತಿ ಒತ್ತಿದರಂತೆ, ಈಗ ಹತ್ತು ಉಳಿದಿದ್ದರೆ ಹೆಚ್ಚು, ಅದರಲ್ಲೊಂದು ನಿಮ್ಮ ಕಪಾಟಿನಲ್ಲಿ. ಕವರಿನ ಮೇಲೆ ಟ್ರಂಪೆಟ್, ಪಿಯಾನೋ, ಬಾಸ್, ಡ್ರಮ್ಸ್ ಎಂದು ನಾಲ್ಕು ಹೆಸರು. ಕೇಳಿದರೆ ಐದು ವಾದ್ಯ. ಐದನೆಯದು ಕ್ಲಾರಿನೆಟ್, ಅದೇ ಎಲ್ಲಕ್ಕಿಂತ ಚೆಂದ. ಎರಡನೇ ಬದಿಯ ಕೊನೆಯ ಹಾಡಿನಲ್ಲಿ ಅದು ಏರುತ್ತ ಏರುತ್ತ ಹೋಗಿ ಥಟ್ಟನೆ ನಿಂತುಬಿಡುತ್ತದೆ, ಎಂಟು ಎಣಿಕೆಯವರೆಗೆ ಬಾಸ್ ಒಂದೇ ನಡೆಯುತ್ತದೆ, ಆಮೇಲೆ ಕ್ಲಾರಿನೆಟ್ ಕೆಳಗಿನ ಸ್ವರದಿಂದ ಮೆಲ್ಲನೆ ಎದ್ದು ಬರುತ್ತದೆ. ಆ ಎಂಟು ಎಣಿಕೆಯ ಮೇಲೆ ಪ್ರೊಫೆಸರರು ಹನ್ನೊಂದು ಪುಟ ಬರೆದಿದ್ದಾರೆ, 'ಮೌನದ ವ್ಯಾಕರಣ' ಎಂದು. ಹಾಡು ಮುಗಿದ ಮೇಲೆ ಸೂಜಿಯ ಸರಸರ ಸದ್ದಿನಡಿ ಯಾರದೋ ತಗ್ಗಿದ ದನಿ ಕೇಳುತ್ತದೆ. ಅದು "ಎರಡನೇ ಹಾಡು" ಎನ್ನುತ್ತದೆ ಎಂದು ನೀವೆಲ್ಲ ಒಪ್ಪಿ, ಹಾಗಾದರೆ ಇದರ ಬೆನ್ನಿಗೇ ಮುದ್ರಿಸಿದ, ತಟ್ಟೆಗೆ ಸೇರದ ಇನ್ನೊಂದು ಹಾಡು ಎಲ್ಲೋ ಕಳೆದುಹೋಗಿದೆ ಎಂದು ಹನ್ನೊಂದು ವರ್ಷದಿಂದ ಹುಡುಕುತ್ತಿದ್ದೀರಿ. ಪ್ರತಿ ಭಾನುವಾರ ಹಳೆ ಸಾಮಾನಿನ ಅಂಗಡಿಗೆ ಹೋಗಿ ಮೈಯೆಲ್ಲ ಧೂಳು ಮಾಡಿಕೊಂಡು ಬರುತ್ತಿದ್ದುದು ಇದಕ್ಕೇ ಎಂದು ನನಗೆ ಈಗ ಗೊತ್ತಾಯಿತು. ಮೊದಲೇ ಹೇಳಿದ್ದರೆ ಅಂಗಿ ಒಗೆಯುವಾಗ ಅಷ್ಟು ಬೈಯುತ್ತಿರಲಿಲ್ಲ.

ಡಾಕ್ಟರಮ್ಮ ಆ ಕೊನೆಯ ತುಣುಕನ್ನು ಗುಂಪಿನಲ್ಲಿ ಹಾಕಿದ್ದರು. ಅವತ್ತು ರಜೆ, ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ನಿಮ್ಮ ಹೆಡ್‌ಫೋನು ಹಾಕಿಕೊಂಡು ಕೂತೆ. ಅಭ್ಯಾಸಬಲ, ಕೈಯಲ್ಲಿ ಪೆನ್ಸಿಲು, ಮುಂದೆ ನೋಟ್‌ಪುಸ್ತಕ. ನಮ್ಮ ಶೀಘ್ರಲಿಪಿಯಲ್ಲಿ ಅಕ್ಷರ ಬರೆಯುವುದಿಲ್ಲ, ಸದ್ದು ಬರೆಯುತ್ತೇವೆ. ಅರ್ಥ ಏನೆಂದು ಯೋಚಿಸುತ್ತ ಕೂತರೆ ಸಾಕ್ಷಿ ಮೂರು ವಾಕ್ಯ ಮುಂದೆ ಹೋಗಿರುತ್ತಾನೆ. ಮೊದಲ ಸಲ ಬರೀ ಸರಸರ. ಮೂರನೇ ಸಲ ಉಸಿರು ಕೇಳಿತು. ಹೆಂಗಸಿನ ಉಸಿರು, ಬಗ್ಗಿ ಏನನ್ನೋ ಎತ್ತಿಕೊಳ್ಳುವವರ ಉಸಿರು. ಏಳನೇ ಸಲಕ್ಕೆ ಪೆನ್ಸಿಲು ತಾನೇ ಓಡಿತು. ಬರೆದದ್ದನ್ನು ಓದಿಕೊಂಡೆ: "ಮಗು ಎದ್ದುಬಿಡ್ತು. ನಾನು ಹೊರಟೆ, ಎರಡಕ್ಕೆ ವಾರ್ಡು." ಎರಡನೇ ಹಾಡಲ್ಲ ರೀ. ಎರಡಕ್ಕೆ ವಾರ್ಡು! ನಿಮ್ಮ ಐದನೆಯವರು ಹೆಂಗಸು. ಎರಡು ಗಂಟೆಯ ಪಾಳಿಗೆ ಆಸ್ಪತ್ರೆಗೆ ಓಡಬೇಕಾಗಿದ್ದ ನರ್ಸು. ಕಂಕುಳಲ್ಲಿ ಕೂಸು.

ಏನೂ ಬರೆಯಬೇಡ ಎಂದಿದ್ದಿರಿ, ನಿಜ. ನಾನು ಬರೆದೆ. ನಿಮ್ಮ ಹೆಸರಿನಲ್ಲೇ ಬರೆದೆ. ಎಷ್ಟನೇ ಸೆಕೆಂಡಿನಲ್ಲಿ ಯಾವ ಸದ್ದು, 'ವಾ'ಕ್ಕೂ 'ಹಾ'ಕ್ಕೂ ತುಟಿ ಹೇಗೆ ಬೇರೆಯಾಗುತ್ತದೆ, ಎಲ್ಲ ಸೇರಿ ಒಂದೂವರೆ ಪುಟ. ಆಮೇಲೆ ಪ್ರೊಫೆಸರರು, "ಮೌನಿಯವರೇ, ಸಮುದ್ರದ ನೀರು ಕಿವಿಗೆ ಹೋಗಿರಬೇಕು. ಇದು ವೃತ್ತಿಪರನ ಊದುವಿಕೆ, ಕೂಸು ಎತ್ತಿಕೊಂಡು ಬಂದವರದ್ದಲ್ಲ" ಎಂದರು. ನನಗೆ ಸರ್ರನೆ ಏರಿತು. ನಾನು ಕೋರ್ಟಿನಲ್ಲಿ ಇಪ್ಪತ್ತಾರು ವರ್ಷ ಮಾಡಿದ್ದೇನು ಹಾಗಾದರೆ? ಈಗ ಹಾಸ್ಟೆಲಿನಲ್ಲಿರುವ ನಮ್ಮ ಮಗಳು ಕೂಸಾಗಿದ್ದಾಗ, ಅವಳಿಗೆ ಜ್ವರವಿದ್ದ ದಿನವೂ ಒಂದು ಪದ ಬಿಟ್ಟವಳಲ್ಲ. ಅಷ್ಟರಲ್ಲಿ ಡಾಕ್ಟರಮ್ಮ ಬಂದರು: "ನೋವಾಗಲ್ಲ, ಒಂದ್ನಿಮಿಷ. ನಮ್ಮ ಮೌನಿ ವರ್ಷಕ್ಕೆ ನಾಲ್ಕು ಸಾಲು ಬರೆಯೋರು. ಇವರು ಅಲ್ಪವಿರಾಮ ಹಾಕೋದು ಯಾವಾಗ ಕಲಿತ್ರು?" ಸಿಕ್ಕಿಬಿದ್ದೆ. ಒಪ್ಪಿಕೊಂಡೆ: ನಾನು ಅವರ ಹೆಂಡತಿ, ಕೋರ್ಟಿನ ಸ್ಟೆನೋ, ಸಂಗೀತ ಗೊತ್ತಿಲ್ಲ, ಗೊಣಗಾಟ ಗೊತ್ತು. ನಿಮ್ಮ ಮಾನ ಹೋಯಿತೇನೋ ಎಂದು ಅಂಜುತ್ತಿದ್ದರೆ, ಇಡೀ ಗುಂಪು ನಿಮ್ಮನ್ನು ಬಿಟ್ಟು ನನಗೆ ಸ್ವಾಗತ ಕೋರಿತು. ಮೌನಿ ಎಂಬ ಹೆಸರು ಮಾತ್ರ ನನ್ನ ಮೈಗೆ ಹೊಂದುವುದಿಲ್ಲವಂತೆ.

'ಹದಿನೇಳು' ಮಾತ್ರ ಹುಡುಕುವುದಕ್ಕೇ ಇಳಿದರು. ಮಾರನೇ ದಿನ ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ, ಚಹಾಕ್ಕೆ ಕೊಡುವ ಹದಿನೈದು ನಿಮಿಷದಲ್ಲಿ ಆ ನಿವಾಸದೊಳಗೆ ಹೋಗಿ ಬಾಗಿಲಲ್ಲಿದ್ದವರನ್ನು ಕೇಳಿದ್ದಾರೆ: "ಇಲ್ಲಿ ಯಾರಾದ್ರೂ ಕ್ಲಾರಿನೆಟ್ ಊದ್ತಿದ್ರಾ?" ಆಕೆ, "ಎರಡನೇ ಮಹಡಿ ಸಿಸ್ಟರ್ ಮಂಚದ ಕೆಳಗೆ ಒಂದು ಉದ್ದನೆ ಪೆಟ್ಟಿಗೆ ಇದೆ. ಗುಡಿಸೋಕೂ ಮುಟ್ಟಗೊಡಲ್ಲ" ಎಂದಳಂತೆ. ಅಷ್ಟೇ ಸಾಕಾಯಿತು. ಆರನೇ ತಾರೀಖು ಶನಿವಾರ ಹೋಗುವುದೆಂದು ಡಾಕ್ಟರಮ್ಮ, 'ಹದಿನೇಳು', ನಾನು ಮೂವರೂ ಮಾತಾಡಿಕೊಂಡೆವು. ಡಾಕ್ಟರಮ್ಮ ಸೂಟ್‌ಕೇಸಿನಂತೆ ಮಡಚುವ ಸಣ್ಣ ಗ್ರಾಮಫೋನು ತಂದರು. ತಟ್ಟೆ ನಾನು ತಂದೆ. ಹೌದು, ಅದೇ ತಟ್ಟೆ. ಎರಡು ಟವೆಲಿನಲ್ಲಿ ಸುತ್ತಿ, ಎದೆಗವಚಿಕೊಂಡು, ಬಸ್ಸಿನಲ್ಲಿ ಐವತ್ತು ನಿಮಿಷ. ಮುಂದೆ ಓದುವ ಮೊದಲು ಒಂದು ಲೋಟ ನೀರು ಕುಡಿಯಿರಿ.

ನಿವಾಸದ ಓಣಿಯ ಉದ್ದಕ್ಕೂ ರಟ್ಟಿನ ಪೆಟ್ಟಿಗೆಗಳು, ಒಂದೊಂದರ ಮೇಲೂ ಚೀಟಿ. ಗೋಡೆಯಿಂದ ಗಡಿಯಾರ ಇಳಿಸಿದ ಜಾಗದಲ್ಲಿ ಬಿಳಿ ವೃತ್ತ. ಅವರ ಕೋಣೆಯ ಬಾಗಿಲು ತೆರೆದೇ ಇತ್ತು. ಪುಟ್ಟ ದೇಹ, ನೆಟ್ಟಗಿನ ಬೆನ್ನು, ಮೋಟಾಗಿ ಕತ್ತರಿಸಿದ ಉಗುರು, ಎದೆಯ ಮೇಲೆ ತಲೆಕೆಳಗಾಗಿ ತೂಗುವ ನರ್ಸಿನ ಗಡಿಯಾರ. ಮೂವರು ಒಟ್ಟಿಗೆ ನಿಂತಿದ್ದು ನೋಡಿ ಅವರು ಕೇಳಿದ ಮೊದಲ ಮಾತು, "ಯಾರಿಗೆ ಹುಷಾರಿಲ್ಲ?" 'ಹದಿನೇಳು' ತಡವರಿಸುತ್ತ ತಟ್ಟೆಯ ವಿಷಯ ಹೇಳಿದರು. ಸಿಸ್ಟರ್ ತಲೆಯಾಡಿಸಿದರು. "ಅದೆಲ್ಲಿ ತಟ್ಟೆ ಆಯ್ತು? ಆ ಟೇಪು ಕೆಟ್ಟುಹೋಯ್ತಲ್ಲ. ನಮ್ಮ ಮಗು ಅತ್ತು ಕೆಡಿಸಿಬಿಡ್ತು ಅಂತ ಟ್ರಂಪೆಟ್‌ನೋರು ಹೇಳಿದ್ರು. ಊದೋ ಭರದಲ್ಲಿ ನನಗೆ ಕೇಳಿಸ್ಲಿಲ್ಲವೇನೋ, ಆದ್ರೂ ತಪ್ಪು ನಂದೇ. ಅವತ್ತು ಮಗೂನ ಬಿಡೋಕೆ ಜಾಗ ಇರ್ಲಿಲ್ಲ, ಬುಟ್ಟೀಲಿ ಮಲಗಿಸ್ಕೊಂಡು ಹೋಗಿದ್ದೆ. ನಾಲ್ಕು ಜನರ ಶ್ರಮ ಹಾಳು ಮಾಡಿದೆ ಅಂತ ಆಮೇಲೆ ಅವರ ಮುಖ ನೋಡೋಕೂ ಆಗಲಿಲ್ಲ, ಊದೋದೂ ಬಿಟ್ಟೆ." ತಟ್ಟೆ ಹೊರಬಂದದ್ದೇ ಅವರಿಗೆ ಗೊತ್ತಿಲ್ಲ! ಐವತ್ತೆರಡು ವರ್ಷ. ಆ ಮನುಷ್ಯ ಯಾಕೆ ಹಾಗೆ ಹೇಳಿದನೋ, ಹೆಸರು ಹಾಕುವುದು ತಪ್ಪಲೆಂದೋ, ಬೇರೆ ಏನಿತ್ತೋ. ಅವನು ತೀರಿಕೊಂಡು ಬಹಳ ಕಾಲವಾಯಿತು, ಅಡ್ಡಸವಾಲಿಗೆ ಸಿಗುವುದಿಲ್ಲ.

ಡಾಕ್ಟರಮ್ಮ ಸೂಜಿ ಇಟ್ಟರು. ಸಿಸ್ಟರ್ ಮಂಚದ ಅಂಚಿನಲ್ಲಿ ಕೂತು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡರು. ಕ್ಲಾರಿನೆಟ್ ಶುರುವಾದದ್ದೇ ಅವರ ಬೆರಳುಗಳು ಮಂಡಿಯ ಮೇಲೆ ಓಡತೊಡಗಿದವು. ಮುಖದಲ್ಲಿ ಮಾತ್ರ ಏನೂ ಇಲ್ಲ, ಜ್ವರ ನೋಡುವಾಗ ನರ್ಸುಗಳ ಮುಖ ಇರುತ್ತದಲ್ಲ, ಹಾಗೆ. ಎರಡನೇ ಬದಿ, ಕೊನೆಯ ಹಾಡು. ಕ್ಲಾರಿನೆಟ್ ಏರಿತು, ಏರಿತು, ನಿಂತಿತು. ಆ ಎಂಟು ಎಣಿಕೆಯಲ್ಲಿ ಸಿಸ್ಟರ್ ಕಿಸಕ್ಕನೆ ನಕ್ಕುಬಿಟ್ಟರು. "ಅಯ್ಯೋ, ಇಲ್ಲೇ ಮಗು ಬಾಯಿಂದ ಬೆರಳು ತೆಗೆದಿದ್ದು! ಇನ್ನೇನು ಅಳುತ್ತೆ ಅಂತ ಕಾಲಲ್ಲಿ ಬುಟ್ಟಿ ತೂಗೋಕೆ ಹೋದೆ, ಉಸಿರು ತಪ್ಪೋಯ್ತು. ಎಲ್ಲಿಂದ ಹಿಡೀಬೇಕೋ ತಿಳೀದೆ ಕೆಳಗಿಂದ ಹಿಡಿದೆ." ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. 'ಹದಿನೇಳು' ನಗು ತಡೆಯಲಾರದೆ ಓಣಿಗೆ ಹೋಗಿ ಬಂದರು. ಮೌನದ ವ್ಯಾಕರಣವಂತೆ, ಹನ್ನೊಂದು ಪುಟವಂತೆ!

ತಟ್ಟೆ ಮುಗಿಯಿತು. ಸಿಸ್ಟರ್ ಇನ್ನೂ ಕಿವಿಗೊಟ್ಟೇ ಕೂತಿದ್ದರು. ಸೂಜಿ ಸುಮ್ಮನೆ ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರು ನನ್ನ ಕಡೆ ತಿರುಗಿ, "ಎಲ್ಲಿ ಅತ್ತಿದ್ದು?" ಎಂದು ಕೇಳಿದರು. ನಾನೆಂದೆ, "ಅಳಲಿಲ್ಲ ಅಮ್ಮಾ. ಮೊದಲಿಂದ ಕೊನೇವರೆಗೆ ನಾನು ಇಪ್ಪತ್ತು ಸಲ ಕೇಳಿದ್ದೀನಿ. ಮಗು ಎಲ್ಲೂ ಅತ್ತಿಲ್ಲ." ಅವರಿಗೆ ನಂಬಿಕೆ ಬರಲಿಲ್ಲ. "ನಿಮಗೆ ಕೇಳಿಸದೇ ಇರಬಹುದು," ಎಂದರು. "ನಾನು ಕೋರ್ಟಿನ ಸ್ಟೆನೋ ಅಮ್ಮಾ. ನಾನು ಬರೆದಿದ್ದನ್ನ ಜಡ್ಜೂ ತಿದ್ದೋ ಹಾಗಿಲ್ಲ. ಅಳಲಿಲ್ಲ," ಎಂದೆ. ಅವರು ಎದೆಯ ಗಡಿಯಾರವನ್ನು ಎತ್ತಿ ನೋಡಿ ಮತ್ತೆ ಬಿಟ್ಟರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಹಾಗಾದ್ರೆ ನಾನು ಚೆನ್ನಾಗೇ ಊದಿದ್ದೆ, ಅಲ್ವಾ?" ಎಂದರು. ಇನ್ನೂರ ಹನ್ನೆರಡು ಜನ ಹನ್ನೊಂದು ವರ್ಷದಿಂದ ಅದೇ ಮಾತು ಹೇಳುತ್ತಿದ್ದಾರೆ ಎಂದು 'ಹದಿನೇಳು' ಹೇಳಿದರು, ಮುಖ ಕಿಟಕಿಯ ಕಡೆಗೆ ತಿರುಗಿಸಿಕೊಂಡು.

ಈಗ ನೀರು ಕುಡಿಯಿರಿ ಎಂದದ್ದರ ಕಾರಣ. ತಟ್ಟೆಗೆ ಏನೂ ಆಗಿಲ್ಲ, ಒಂದು ಗೀರೂ ಇಲ್ಲ. ಕವರಿನ ವಿಷಯ ಬೇರೆ. ಆ ನಾಲ್ಕು ಹೆಸರಿನ ಕೆಳಗೆ ಜಾಗ ಇತ್ತಲ್ಲ, ಅಲ್ಲಿ ಸಿಸ್ಟರ್ ಕೈಯಿಂದಲೇ ಐದನೇ ಹೆಸರು ಬರೆಸಿದೆ, ಶಾಯಿ ಪೆನ್ನಿನಲ್ಲಿ. ಸಂಗ್ರಾಹಕರು ಕವರಿನ ಮೇಲೆ ಬೆರಳ ಗುರುತೂ ಬೀಳಗೊಡುವುದಿಲ್ಲವೆಂದು ಡಾಕ್ಟರಮ್ಮ ಆಮೇಲೆ ಹೇಳಿದರು. ಮೊದಲೇ ಹೇಳಿದ್ದರೂ ಬರೆಸುತ್ತಿದ್ದೆ. ಆ ಹೆಸರನ್ನು ಈ ಕಾಗದದಲ್ಲಿ ಬರೆಯುವುದಿಲ್ಲ, ಬಂದು ನಿಮ್ಮ ಕಣ್ಣಿಂದಲೇ ಓದಿ. ಔಷಧದ ಚೀಟಿ ಬರೆದು ಪಳಗಿದ ಕೈ, ಒಂದೊಂದು ಅಕ್ಷರವೂ ಬಿಡಿಬಿಡಿ. ನಾನು ಎಲ್ಲವನ್ನೂ ಗುಂಪಿನಲ್ಲಿ ಬರೆದ ಮೇಲೆ ಪ್ರೊಫೆಸರರು ಎರಡು ದಿನ ಪತ್ತೆಯೇ ಇರಲಿಲ್ಲ. ಪಾಪ, ಮುನಿಸಿಕೊಂಡರೇನೋ ಎಂದುಕೊಂಡೆ. ಮೂರನೇ ದಿನ ಒಂದೇ ಸಾಲು ಬರೆದರು: "ಹನ್ನೊಂದೂ ಪುಟ ವಾಪಸು ತಗೊಂಡಿದ್ದೀನಿ. ಮಗು ಈಗ ಹೇಗಿದೆ?" ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಮಗು ಚೆನ್ನಾಗಿದೆ ಎಂದು ಉತ್ತರಿಸಿದೆ. ಐವತ್ತಮೂರು ವರ್ಷ, ಸೇತುವೆ ಕಟ್ಟುವ ಎಂಜಿನಿಯರು, ದೂರದ ಊರಲ್ಲಿದ್ದಾಳೆ, ಈಗಲೂ ಸುಲಭಕ್ಕೆ ಅಳುವವಳಲ್ಲವಂತೆ. ಅದೇ ದಿನ ಸಂಜೆ ಪ್ರೊಫೆಸರರು ತಾವಾಗಿಯೇ 'ಹದಿನೇಳ'ರ ನಿವಾಸದ ಸುದ್ದಿಯನ್ನು ಮತ್ತೆ ಹಾಕಿ, ಇದನ್ನು ಗುಂಪಿನ ಮೇಲ್ಭಾಗದಲ್ಲೇ ಇರಿಸಿ ಎಂದರು.

ಕಾಗದ ಉದ್ದವಾಯಿತು. ದೋಣಿಯ ಚೀಲ ಹನ್ನೊಂದಕ್ಕೆ ಕಟ್ಟುತ್ತಾರೆ. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳದಿದ್ದರೆ ಆಶೀರ್ವಾದ ಫಲಿಸುವುದಿಲ್ಲ ಎಂದೂ ಹೇಳಿದ್ದಾರೆ. ಡಾಕ್ಟರಮ್ಮ ಮತ್ತು 'ಹದಿನೇಳು' ಕೇಳಿದರೆಂದು ತಿಳಿಯಿರಿ. ಸಮುದ್ರ ತಣ್ಣಗಿರಲಿ, ನೀವು ಬೆಚ್ಚಗಿರಿ.

ನಿಮ್ಮವಳು,
ಈಗ ಗುಂಪಿನಲ್ಲಿ ನನ್ನದೇ ಹೆಸರಿದೆ: 'ಗೊಣಗಾಟ'

ತಾ.ಕ.: ಕಾಗದ ಒಯ್ಯುವವರು ಕೆಳಗೆ ಬಾಗಿಲು ಬಡಿಯುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ನಿವಾಸ ಈ ತಿಂಗಳ ಕೊನೆಗೆ ಮುಚ್ಚುತ್ತದೆ. ಸಿಸ್ಟರನ್ನು ಕರೆಸಿಕೊಳ್ಳಲು ಮಗಳ ಊರಿನಲ್ಲಿ ಮನೆ ಸಿದ್ಧವಾಗುವುದಕ್ಕೆ ಇನ್ನೂ ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಅವರನ್ನು ಯಾವುದೋ ದೂರದ ಆಸ್ಪತ್ರೆಯ ವಾರ್ಡಿನಲ್ಲಿ ಹಾಕುತ್ತಾರಂತೆ. ನಮ್ಮಲ್ಲಿಗೇ ಬನ್ನಿ ಎಂದಿದ್ದೇನೆ. ನಿಮ್ಮ ಕೋಣೆ ಅವರಿಗೆ. ತಟ್ಟೆಯ ಕಪಾಟು ಅಲ್ಲೇ ಇರುತ್ತದೆ, ಕುರ್ಚಿ ತೆಗೆದು ಮಂಚ ಹಾಕಿದ್ದೇವೆ. ಅತ್ತೆ ಒಪ್ಪಿದ್ದಾರೆ, ಬೆಳಿಗ್ಗೆ ಹತ್ತರೊಳಗೆ ಊದಬಾರದು ಎಂಬ ಒಂದೇ ಷರತ್ತು. ಗುರುವಾರ 'ಹದಿನೇಳು' ರಜೆ ಹಾಕಿ ಕರೆದುಕೊಂಡು ಬರುತ್ತಾರೆ. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ಅವರು ಬಂದು ವಾರ ಕಳೆದಿರುತ್ತದೆ. ಬೇಡ ಎನ್ನುವುದಿದ್ದರೆ ಖಂಡಿತ ಬರೆಯಿರಿ. ಅವರ ಮುಂದೆಯೇ ಗಟ್ಟಿಯಾಗಿ ಓದುತ್ತೇನೆ.